ಸ್ವಿಫ್ಟ್‌ಗೆ ನಾಲ್ಕು ಟೈರ್: ಅಳತೆ, ಗಾಳಿ, ಖರ್ಚು ಮತ್ತು ಪೆಟ್ರೋಲ್ ಲೆಕ್ಕ

ಗಾಡಿ 2018ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಓಡಿರುವುದು 48,000 ಕಿ.ಮೀ. ಚಿಲ್ಲರೆ. ಕಂಪನಿಯಿಂದ ಬಂದ ಟೈರ್‌ಗಳೇ ಇನ್ನೂ ಇದ್ದವು. ಸೈಜ್ 165/80 ಆರ್14. ಓಡಾಟ ಹೆಚ್ಚಾಗಿ ಶಿವಮೊಗ್ಗ ಊರೊಳಗೆ. ನಡುನಡುವೆ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿ. ಅಪರೂಪಕ್ಕೆ ಕಡೂರು, ಅರಸೀಕೆರೆ ಮೇಲೆ ಬೆಂಗಳೂರು.

ಕೈ ಹಾಕಿದ್ದಕ್ಕೆ ಎರಡು ಕಾರಣ. ಲೀಟರಿಗೆ ಹದಿನೇಳೂವರೆ ಕೊಡುತ್ತಿದ್ದ ಗಾಡಿ ಹದಿನಾರರ ಆಸುಪಾಸಿಗೆ ಬಂದಿತ್ತು. (ಕಂಪನಿ ಹೇಳಿದ್ದು 22. ಅದನ್ನು ಕಂಡವರು ಯಾರೂ ನನಗೆ ಸಿಕ್ಕಿಲ್ಲ.) ಇನ್ನೊಂದು, ಮಳೆಯಲ್ಲಿ ಸೋಮೇಶ್ವರದಿಂದ ಘಾಟಿ ಹತ್ತುವಾಗ ಹೇರ್‌ಪಿನ್ ತಿರುವಲ್ಲಿ ಫಸ್ಟ್ ಗೇರ್ ಹಾಕಿ ಎತ್ತಿದರೆ ಮುಂದಿನ ಚಕ್ರ ನಿಂತಲ್ಲೇ ಗರಗರ ತಿರುಗುತ್ತಿತ್ತು. ಮೊದಲನೆಯದಕ್ಕೆ ಸಲೀಸಾಗಿ ಉರುಳುವ ಟೈರ್ ಬೇಕು. ಎರಡನೆಯದಕ್ಕೆ ರಸ್ತೆಯನ್ನು ಕಚ್ಚಿ ಹಿಡಿಯುವ ಟೈರ್ ಬೇಕು. ಅಂಗಡಿಯವರು ಎರಡೂ ಒಂದರಲ್ಲೇ ಇದೆ ಅಂತಾರೆ. ಅಷ್ಟು ಸುಲಭ ಇಲ್ಲ. ನಾನು ಕೊನೆಗೆ ಮಾಡಿಕೊಂಡ ತೀರ್ಮಾನ ಇದು: ಟೈರ್ ಆರಿಸುವಾಗ ಮಳೆ ನೋಡಬೇಕು, ಪೆಟ್ರೋಲ್ ಉಳಿಸುವುದನ್ನು ಗಾಳಿ ಮತ್ತು ಅಲೈನ್‌ಮೆಂಟ್‌ನಲ್ಲಿ (ಚಕ್ರಗಳ ಕೋನ ಸರಿ ಕೂರಿಸುವುದರಲ್ಲಿ) ಮಾಡಿಕೊಳ್ಳಬೇಕು. ಅಲ್ಲಿಗೆ ಬಂದದ್ದು ಹೇಗೆ ಅನ್ನುವುದೇ ಕೆಳಗಿರುವುದು.

ಆಗಸ್ಟ್ 2025: ಮೊದಲು ಅಳತೆ

ಬೇಕಾದದ್ದು: ಟ್ರೆಡ್ ಡೆಪ್ತ್ ಗೇಜ್ (ಟೈರಿನ ಹಲ್ಲಿನ ಆಳ ಅಳೆಯುವುದು, ಡಿಜಿಟಲ್, ₹250), ಟಾರ್ಚ್, ಹಳೆ ಟೂತ್‌ಬ್ರಷ್, ಒಂದು ಚಾಕ್‌ಪೀಸ್.

ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿದರೆ ಮುಂದಿನ ಟೈರಿನ ಒಳಮೈ ಕಾಣುತ್ತದೆ. ಇದನ್ನು ಮಾಡದೆ ನಿಂತು ನೋಡಿದರೆ ಹೊರಗಿನ ಅಂಚು ಮಾತ್ರ ಕಾಣುವುದು, ಅದು ಬಹಳ ಸಲ ಚೆನ್ನಾಗೇ ಇರುತ್ತದೆ. ಹಲ್ಲು ಹಾಗೇ ಇದೆ ಅಂತ ನಾವು ಸುಮ್ಮನಾಗುವುದು ಅದಕ್ಕೇ. ಹಲ್ಲುಗಳ ನಡುವಿನ ಕಾಲುವೆಯೊಳಗೆ ಸಿಕ್ಕಿಕೊಂಡ ಜಲ್ಲಿ, ಮಣ್ಣು ಬ್ರಷ್‌ನಲ್ಲಿ ತೆಗೆದು, ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆದೆ. ಚಕ್ರವನ್ನು ಸ್ವಲ್ಪ ಉರುಳಿಸಿ ಇನ್ನೊಂದು ಜಾಗದಲ್ಲೂ ಅಳೆದು, ಕಡಿಮೆ ಬಂದದ್ದನ್ನು ಬರೆದುಕೊಂಡೆ.

ಮುಂದೆ ಎಡ: ಒಳಗೆ 1.9, ನಡುವೆ 2.6, ಹೊರಗೆ 2.8 ಮಿ.ಮೀ.
ಮುಂದೆ ಬಲ: 2.4, 2.7, 2.5.
ಹಿಂದೆ ಎರಡೂ: 3.5ರಿಂದ 3.7.
ಸ್ಟೆಪ್ನಿ: 7.2. ಒಮ್ಮೆಯೂ ನೆಲ ಮುಟ್ಟಿಲ್ಲ.

ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಪಟ್ಟಿ ಇರುತ್ತದೆ. ಅದರ ಎತ್ತರ 1.6 ಮಿ.ಮೀ. ಎಲ್ಲಿದೆ ಅಂತ ಹುಡುಕಲು ಟೈರಿನ ಭುಜದ (ಹಲ್ಲು ಮುಗಿದು ಮಗ್ಗುಲಿಗೆ ತಿರುಗುವ ಅಂಚಿನ) ಮೇಲೆ ಚಿಕ್ಕ ತ್ರಿಕೋನ ಅಥವಾ ಟಿಡಬ್ಲ್ಯೂಐ ಅಂತ ಅಚ್ಚಿರುತ್ತದೆ. ಹಲ್ಲು ಆ ಪಟ್ಟಿಯ ಮಟ್ಟಕ್ಕೆ ಸವೆದರೆ ಟೈರ್ ಮುಗಿದ ಹಾಗೆ, ಕಾನೂನು ಕೂಡ ಅದನ್ನೇ ಹೇಳುತ್ತದೆ. ಗೇಜಿನ ಸೂಜಿ ತಪ್ಪಿ ಆ ಪಟ್ಟಿಯ ಮೇಲೇ ಕೂತರೆ ಅಳತೆ 1.6 ಕಡಿಮೆ ಬರುತ್ತದೆ. ಮುಂದಿನ ಬಲ ಚಕ್ರದಲ್ಲಿ ಮೊದಲು 1.0 ಬಂದು ಗಾಬರಿಯಾದದ್ದು ಇದರಿಂದಲೇ.

ಅಂದರೆ ಲೆಕ್ಕದ ಪ್ರಕಾರ ಇನ್ನೂ ಓಡಿಸಬಹುದಿತ್ತು. ಆದರೆ 1.6 ಅನ್ನುವುದು ಒಣ ಊರಿನ ಗಡಿ. ನೀರನ್ನು ಪಕ್ಕಕ್ಕೆ ತಳ್ಳಬೇಕಾದದ್ದು ಈ ಕಾಲುವೆಗಳೇ. 3 ಮಿ.ಮೀ. ಕೆಳಗೆ ಹೋದ ಮೇಲೆ ಆ ಕೆಲಸ ಬೇಗ ಬೇಗ ಕೈಕೊಡುತ್ತದೆ. ಮಲೆನಾಡಲ್ಲಿ ಓಡಿಸುವವರು ಮೇ ತಿಂಗಳಲ್ಲಿ ಗೇಜ್ ಇಟ್ಟು ನೋಡಿ, 3ಕ್ಕಿಂತ ಕಡಿಮೆ ಇದ್ದರೆ ಜೂನ್‌ಗೆ ಮುಂಚೆ ಬದಲಾಯಿಸುವುದು ಒಳ್ಳೆಯದು. ಸೆಪ್ಟೆಂಬರಲ್ಲಿ ಅಳೆದು 2.8 ಇದ್ದರೆ ಬೇಸಿಗೆ ಕಳೆಯಬಹುದು.

ಇನ್ನು ವಯಸ್ಸು. ಟೈರಿನ ಮಗ್ಗುಲಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ನನ್ನದರಲ್ಲಿ 3118. ಅಂದರೆ 2018ನೇ ಇಸವಿಯ 31ನೇ ವಾರ. ಈ ಪೂರ್ತಿ ಸಂಖ್ಯೆ ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಇರಬಹುದು. ನನ್ನ ಹಿಂದಿನ ಎರಡರಲ್ಲೂ ಒಳಮುಖವಾಗಿತ್ತು, ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ಓದಬೇಕಾಯಿತು. ಏಳು ವರ್ಷ ಆಗಿದೆ. ಹಲವು ಕಂಪನಿಗಳು ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹಲ್ಲು ಎಷ್ಟೇ ಇರಲಿ ಹತ್ತು ವರ್ಷಕ್ಕೆ ತೆಗೆದುಬಿಡಿ ಅನ್ನುತ್ತವೆ. ನನ್ನ ಹಿಂದಿನ ಟೈರ್‌ಗಳ ಮಗ್ಗುಲಲ್ಲಿ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಕೂದಲೆಳೆಯ ಬಿರುಕು ಶುರುವಾಗಿದ್ದವು. ಉಬ್ಬು ಎಲ್ಲೂ ಇರಲಿಲ್ಲ. ಉಬ್ಬು ಕಂಡರೆ ಅಳತೆ, ವಯಸ್ಸು ಏನೂ ನೋಡುವ ಹಾಗಿಲ್ಲ. ಒಳಗಿನ ದಾರ ಹರಿದಿದೆ ಅಂತ ಅರ್ಥ, ಅವತ್ತೇ ತೆಗೆಯಬೇಕು.

ಹಿಂದಿನ ಎಡ ಟೈರಿನಲ್ಲಿ ಹಳೆಯ ಪಂಕ್ಚರ್ ಸ್ಟ್ರಿಪ್ ಒಂದು ಭುಜಕ್ಕೆ ತೀರಾ ಹತ್ತಿರ ಇತ್ತು. ಟೈರ್ ಬಾಗಿ ಏಳುವುದೇ ಅಲ್ಲಿ. ಆ ಜಾಗಕ್ಕೆ ಪಂಕ್ಚರ್ ಹಾಕಬಾರದು. ಹಾಕಿದವರು ಹಾಕಿದ್ದಾರೆ, ನಾನು ಅದರ ಮೇಲೆ ಎರಡು ವರ್ಷ ಘಾಟಿ ಇಳಿದಿದ್ದೇನೆ.

ಆಗಸ್ಟ್ ಕೊನೆ: ಗಾಳಿ

ಟೈರ್ ಕೊಳ್ಳುವ ಮೊದಲು ಇದ್ದ ಟೈರ್‌ನಿಂದ ಎಷ್ಟು ಪೆಟ್ರೋಲ್ ವಾಪಸ್ ಬರುತ್ತದೆ ನೋಡೋಣ ಅನ್ನಿಸಿತು. ಸ್ವಂತ ಪ್ರೆಶರ್ ಗೇಜ್ ತಂದೆ, ₹600. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ಅಳೆದರೆ ನಾಲ್ಕೂ ಚಕ್ರದಲ್ಲಿ ಸ್ಟಿಕ್ಕರ್ ಹೇಳುವುದಕ್ಕಿಂತ 5ರಿಂದ 7 ಪಿಎಸ್‌ಐ ಕಡಿಮೆ. ಹಿಂದಿನ ವಾರವಷ್ಟೇ ಬಂಕಿನಲ್ಲಿ ಹೊಡೆಸಿದ್ದೆ!

ಅದೇ ಬಂಕಿಗೆ ಹೋಗಿ ಅವರ ಮೆಷಿನ್ ತೋರಿಸಿದ್ದನ್ನೂ ನನ್ನ ಗೇಜನ್ನೂ ಪಕ್ಕಪಕ್ಕ ಇಟ್ಟೆ. ಮೆಷಿನ್ 4 ಪಿಎಸ್‌ಐ ಹೆಚ್ಚು ತೋರಿಸುತ್ತಿತ್ತು. ಅದರ ಮೇಲೆ, ಊರೆಲ್ಲ ಸುತ್ತಿ ಬಿಸಿಯಾದ ಟೈರಿಗೆ ಗಾಳಿ ಹೊಡೆಸುವುದು ನಮ್ಮ ಅಭ್ಯಾಸ. ಬಿಸಿಗೆ ಒತ್ತಡ ಏರಿರುತ್ತದೆ, ಮೆಷಿನ್ ಸಾಕು ಅಂತ ಕೂಗಿ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಕಡಿಮೆ. ನನ್ನ ಗೇಜೇ ತಪ್ಪಿರಬಹುದಲ್ಲ ಅಂತ ಪರಿಚಯದ ಮೆಕ್ಯಾನಿಕ್ ಹತ್ತಿರದ ಇನ್ನೊಂದು ಗೇಜ್ ಇಟ್ಟು ನೋಡಿದೆ, ಅರ್ಧ ಪಿಎಸ್‌ಐ ಒಳಗೆ ಕೂಡಿ ಬಂತು.

ಎಷ್ಟು ಹೊಡೆಸಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿರುವ ಸ್ಟಿಕ್ಕರಲ್ಲಿದೆ. ಟೈರಿನ ಮಗ್ಗುಲಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಿಸುವುದಲ್ಲ. ಪೆಟ್ರೋಲ್ ಉಳಿಯಲಿ ಅಂತ ಇನ್ನೂ 5 ಹೆಚ್ಚು ಹೊಡೆಸುವವರಿದ್ದಾರೆ. ಉಳಿಯುತ್ತದೆ, ಸುಳ್ಳಲ್ಲ. ಆದರೆ ನಡುವಿನ ಹಲ್ಲು ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ತಿಳಿಯುತ್ತದೆ. ಗಾಡಿ ತುಂಬ ಜನ, ಸಾಮಾನು ಇದ್ದರೆ ಸ್ಟಿಕ್ಕರಲ್ಲೇ ಅದಕ್ಕೆ ಬೇರೆ ಅಂಕಿ ಇದೆಯೇ ನೋಡಿಕೊಳ್ಳಿ.

ನೈಟ್ರೋಜನ್ ಹಾಕಿಸಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ 78% ಇದೆ.

ಗಾಳಿ ಸರಿ ಮಾಡುವ ಮುಂಚೆ, ಮಾಡಿದ ಮೇಲೆ ಒಂದು ಪ್ರಯೋಗ. ಊರಾಚೆ ಹೊಸ ಲೇಔಟ್ ಒಂದರಲ್ಲಿ ಮನೆಗಳಿನ್ನೂ ಏಳದ ಉದ್ದನೆಯ ಖಾಲಿ ರಸ್ತೆ ಇದೆ. 40ರಲ್ಲಿ ಬಂದು, ಗುರುತು ಹಾಕಿದ ಲೈಟ್ ಕಂಬದ ಹತ್ತಿರ ನ್ಯೂಟ್ರಲ್‌ಗೆ ಹಾಕಿ, ತಾನಾಗಿ ನಿಲ್ಲುವವರೆಗೆ ಬಿಟ್ಟೆ. ಮೊದಲ ದಿನದ ಅಳತೆ ಪೂರ್ತಿ ಕಸ: ಹೋಗುವಾಗ ಒಂದು ಲೆಕ್ಕ, ಬರುವಾಗ ಅದಕ್ಕಿಂತ ಮೂರು ಕಂಬ ಕಡಿಮೆ. ಕಣ್ಣಿಗೆ ಸಮತಟ್ಟಾಗಿ ಕಂಡ ರಸ್ತೆ ಒಂದು ಕಡೆಗೆ ವಾಲಿತ್ತು, ಮೇಲೆ ಮುಂಗಾರಿನ ಗಾಳಿ ಬೇರೆ. ಮುಂದಿನ ಸಲ ಮುಂಜಾನೆ ಎಲೆ ಅಲ್ಲಾಡದ ಹೊತ್ತಿಗೆ ಹೋಗಿ, ಎರಡೂ ದಿಕ್ಕಿನ ಸರಾಸರಿ ತೆಗೆದೆ. ಗಾಳಿ ಸರಿ ಮಾಡಿದ ಮೇಲೆ ಗಾಡಿ ಸುಮಾರು ಅರ್ಧ ಕಂಬದಷ್ಟು, ಅಂದರೆ ಹದಿನೈದು ಮೀಟರ್ ಹತ್ತಿರ, ಹೆಚ್ಚು ಉರುಳಿತು. ಕಡಿಮೆ ಅನ್ನಿಸಬಹುದು. ಗೇಜ್ ಬಿಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ಬಂದದ್ದು.

ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕ: ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು 0.2% ಇಳಿಯುತ್ತದೆ. ನನ್ನ 6 ಪಿಎಸ್‌ಐಗೆ 1.2% ಆಯಿತು.

ಸೆಪ್ಟೆಂಬರ್: ಮೈಲೇಜ್ ಅಳೆಯುವುದೇ ಒಂದು ಕೆಲಸ

ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ ಭಾಗಿಸುವುದು ಎಲ್ಲರಿಗೂ ಗೊತ್ತು. ಬೇರೆ ಬೇರೆ ಬಂಕಿನಲ್ಲಿ ಮಾಡಿದರೆ 15.6ರಿಂದ 17.4ರವರೆಗೆ ಏನು ಬೇಕಾದರೂ ಬರುತ್ತದೆ. ಒಂದು ಪಂಪ್ ಬೇಗ ಕಟ್ ಆಗುತ್ತದೆ, ಇನ್ನೊಂದು ತಡವಾಗಿ. 37 ಲೀಟರ್ ಟ್ಯಾಂಕ್‌ನಲ್ಲಿ ಒಂದು ಲೀಟರ್ ಆಚೀಚೆ ಆದರೆ ಹತ್ತಿರ ಹತ್ತಿರ 3% ಹೋಯಿತು, ನಾನು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟು. ಆಮೇಲೆ ಒಂದೇ ಬಂಕ್, ಒಂದೇ ಪಂಪ್, ಮೊದಲ ಕಟ್‌ಗೆ ನಿಲ್ಲಿಸುವುದು, ಟ್ಯಾಂಕ್ ಮುಕ್ಕಾಲು ಖಾಲಿಯಾಗುವ ಮುಂಚೆ ಹಾಕಿಸದಿರುವುದು ಅಂತ ಮಾಡಿಕೊಂಡೆ. ಆಗಿಂದ ಅಂಕಿ ಕುಣಿಯುವುದು ಕಡಿಮೆಯಾಯಿತು.

ಇನ್ನೊಂದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು. ಸವೆದ ಟೈರಿನ ಸುತ್ತಳತೆ ಚಿಕ್ಕದು. ಹೊಸ 165/80 ಆರ್14ರ ವ್ಯಾಸ ಸುಮಾರು 620 ಮಿ.ಮೀ. ಹಲ್ಲು 7.5ರಿಂದ 2.5ಕ್ಕೆ ಇಳಿದರೆ ವ್ಯಾಸದಲ್ಲಿ 10 ಮಿ.ಮೀ., ಅಂದರೆ 1.6% ಕಡಿಮೆ. ಅಷ್ಟೇ ದೂರಕ್ಕೆ ಚಕ್ರ ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಹೆಚ್ಚು ಕಿಲೋಮೀಟರ್ ತೋರಿಸುತ್ತದೆ. ಸವೆದ ಟೈರಿನ ಮೈಲೇಜ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಹೊಸದು ಹಾಕಿದ ದಿನ ಮೈಲೇಜ್ ಬಿದ್ದ ಹಾಗೆ ಕಾಣುತ್ತದೆ.

ಹಾಗಾಗಿ ಭದ್ರಾವತಿ ದಾಟಿದ ಮೇಲೆ ತರೀಕೆರೆ, ಕಡೂರು ಕಡೆಗೆ ಹೋಗುವ ಹೆದ್ದಾರಿಯಲ್ಲಿ ಫೋನಿನ ಜಿಪಿಎಸ್ ಹಾಕಿಕೊಂಡು 50 ಕಿ.ಮೀ. ಓಡಿಸಿ ನೋಡಿದೆ. ಟ್ರಿಪ್ ಮೀಟರ್ 51.0 ತೋರಿಸಿತು. 2% ಹೆಚ್ಚು. ಬರೆದಿಟ್ಟುಕೊಂಡೆ.

ಸೆಪ್ಟೆಂಬರ್: ದಂಡ ಕಟ್ಟಿದ ಅಲೈನ್‌ಮೆಂಟ್

ಮುಂದಿನ ಎಡ ಟೈರ್ ಒಳಗಡೆ ಮಾತ್ರ ಸವೆದಿತ್ತಲ್ಲ, ಅದು ಗಾಳಿಯ ತಪ್ಪಲ್ಲ. ಗಾಳಿ ಕಡಿಮೆ ಇದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಡು. ಒಂದೇ ಅಂಚು ಹೋದರೆ ಚಕ್ರದ ಕೋನ ಕೆಟ್ಟಿದೆ. ಅಂಗೈಯನ್ನು ಹಲ್ಲಿನ ಮೇಲೆ ಅಡ್ಡಲಾಗಿ ಸವರಿದರೆ ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಎಳೆದರೆ ಗರಗಸದ ಹಾಗೆ ಕೈಗೆ ಸಿಗುತ್ತಿತ್ತು. ಇದು ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದಕ್ಕೆ ಗುರುತು. ಚಕ್ರ ಉರುಳುವುದರ ಜೊತೆ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಉಜ್ಜಿಕೊಂಡೇ ಹೋಗುತ್ತಿದೆ, ಅದಕ್ಕೂ ಪೆಟ್ರೋಲ್ ಬೇಕು, ರಬ್ಬರೂ ಬೇಕು.

ಒಂದು ಅಂಗಡಿಯಲ್ಲಿ ₹500 ಕೊಟ್ಟು ಮಾಡಿಸಿದೆ. ಎಲ್ಲ ಹಸಿರು ಬಣ್ಣದಲ್ಲಿರುವ ಪ್ರಿಂಟ್ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಗಾಡಿ ಮತ್ತೆ ಎಡಕ್ಕೆ ಎಳೆಯುತ್ತಿತ್ತು. ಮನೆಯಲ್ಲಿ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಎಡ-ಬಲ ಅಂಚು ಹಿಡಿದು ಅಲ್ಲಾಡಿಸಿದರೆ ಕಟಕ್ ಕಟಕ್. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು, ಟೈ ರಾಡ್ ಎಂಡ್, ಸಡಿಲ. ಇಷ್ಟು ಆಟ ಇರುವ ಚಕ್ರಕ್ಕೆ ಮೆಷಿನ್ ಇಟ್ಟು ಕೋನ ಕೂರಿಸಿದರೆ ಅದು ಮೊದಲ ಗುಂಡಿಯವರೆಗೆ ಮಾತ್ರ. ಟೈ ರಾಡ್ ಎಂಡ್ ₹700, ಕೂಲಿ ₹300, ಇನ್ನೊಂದು ಕಡೆ ಮತ್ತೆ ಅಲೈನ್‌ಮೆಂಟ್ ₹500. ಮೊದಲು ಚಕ್ರ ಅಲ್ಲಾಡಿಸಿ ನೋಡಿದ್ದರೆ ಒಂದು ಐನೂರು ಉಳಿಯುತ್ತಿತ್ತು. ಅಂಗಡಿಯವರು ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿದ ಕೂಡಲೇ "ಪ್ಲೇ ಇದೆಯಾ ನೋಡಿ" ಅಂತ ಕೇಳಿ. ನೋಡದೆ ಮೆಷಿನ್ ಕ್ಲಾಂಪ್ ಹಾಕಲು ಹೊರಟರೆ ಇಳಿಸಿಕೊಂಡು ಬನ್ನಿ.

ಯಾವ ಟೈರ್

ಸೆಪ್ಟೆಂಬರಲ್ಲಿ ಕೇಳಿದಾಗ ಈ ಸೈಜಿಗೆ ₹4,300ರಿಂದ ₹5,600ರವರೆಗೆ ಹೇಳಿದರು. 22 ಸೆಪ್ಟೆಂಬರ್ 2025ರಿಂದ ಟೈರಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. ₹5,000ದ ಟೈರ್ ಲೆಕ್ಕದ ಪ್ರಕಾರ ₹4,610ರ ಹತ್ತಿರ ಆಗಬೇಕು. 10% ಇಳಿದಿಲ್ಲ ಅಂತ ಜಗಳಕ್ಕೆ ಹೋಗಬೇಡಿ, ತೆರಿಗೆ ಮೂಲಬೆಲೆಯ ಮೇಲೆ ಬೀಳುವುದರಿಂದ ಒಟ್ಟು ಬೆಲೆಯಲ್ಲಿ ಇಳಿಯುವುದು ಸುಮಾರು 7.8%. ನಾನು ಅಕ್ಟೋಬರ್‌ವರೆಗೆ ಕಾದೆ.

ಎಂಆರ್‌ಎಫ್ ಇಕೋಟ್ರೆಡ್, ಸಿಯೆಟ್ ಮೈಲೇಜ್ ಎಕ್ಸ್3, ಮಿಶೆಲಿನ್ ಎನರ್ಜಿ ಎಕ್ಸ್‌ಎಂ2+, ಹೀಗೆ ಹೆಸರಲ್ಲೇ ಉಳಿತಾಯ ಇಟ್ಟುಕೊಂಡವು ಬಹಳ. ಅಂಗಡಿಯವರು "ಇದು ಮೈಲೇಜ್ ಟೈರ್ ಸಾರ್" ಅಂದರೆ ಬಹುಮಟ್ಟಿಗೆ ಅವರು ಹೇಳುತ್ತಿರುವುದು ಹೆಚ್ಚು ಕಿಲೋಮೀಟರ್ ಬಾಳಿಕೆ ಬರುತ್ತದೆ ಅಂತ, ಪೆಟ್ರೋಲ್ ಬಗ್ಗೆ ಅಲ್ಲ. ಬಿಡಿಸಿ ಕೇಳಬೇಕು. ಗಟ್ಟಿ ರಬ್ಬರಿನ ಟೈರ್ ಬಾಳಿಕೆ ಬರುತ್ತದೆ, ಒದ್ದೆಯಲ್ಲಿ ಜಾರುವುದೂ ಅದೇ ಆಗಿರಬಹುದು.

ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಫ್ರಿಜ್‌ಗೆ ಕೊಡುವ ಹಾಗೆ ಟೈರಿಗೂ ಸ್ಟಾರ್ ಕೊಡುವ ವ್ಯವಸ್ಥೆ ಮಾಡಿದೆ. ನನಗೆ ತೋರಿಸಿದ ಒಂದು ಟೈರಿನ ಮೇಲೂ ಆ ಚೀಟಿ ಇರಲಿಲ್ಲ, ಕೇಳಿದರೆ ಅಂಗಡಿಯ ಹುಡುಗ ನಕ್ಕ. ಯುರೋಪಿನಲ್ಲಿ 2021ರ ಮೇ ತಿಂಗಳಿಂದ ಎ ಯಿಂದ ಇ ವರೆಗೆ ದರ್ಜೆ ಇದೆ, ಇಂಧನಕ್ಕೆ ಒಂದು, ಒದ್ದೆ ಹಿಡಿತಕ್ಕೆ ಒಂದು. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುವುದು ಸರಿಯಾದ ಕ್ರಮ. ನಮ್ಮಲ್ಲಿ 2022ರ ಜೂನ್‌ನ ಅಧಿಸೂಚನೆಯಿಂದ ಎಐಎಸ್-142 ಅನ್ನುವ ಗುಣಮಟ್ಟದ ನಿಯಮ ಬಂದು, ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೂ ಮಿತಿ ಹಾಕಿದ್ದಾರೆ. ಅದು ಪಾಸಾದವರ ಪಟ್ಟಿ, ಯಾರು ಫಸ್ಟ್ ಬಂದರು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಕಾಗದ ಪೆನ್ನು ಹಿಡಿದೆ. ಪೆಟ್ರೋಲ್ ಲೀಟರಿಗೆ ₹103, ಮೈಲೇಜ್ 17 ಅಂದರೆ ಕಿಲೋಮೀಟರಿಗೆ ₹6.06. ಒಳ್ಳೆಯ ಟೈರ್ 2.5% ಉಳಿಸಿದರೆ ಕಿಲೋಮೀಟರಿಗೆ 15 ಪೈಸೆ. ಈಗ ಟೈರಿನ ಖರ್ಚು: ₹17,000ದ ಸೆಟ್ 45,000 ಕಿ.ಮೀ. ಬಂದರೆ 38 ಪೈಸೆ. ₹20,000ದ ಇಂಧನ ಉಳಿಸುವ ಸೆಟ್ಟೂ ಅಷ್ಟೇ ಬಂದರೆ 44 ಪೈಸೆ. 6 ಪೈಸೆ ಹೆಚ್ಚು ಕೊಟ್ಟು 15 ಪೈಸೆ ಉಳಿಸಿದ ಹಾಗೆ, ಲಾಭ. ಅದೇ ದುಬಾರಿ ಸೆಟ್ 35,000ಕ್ಕೇ ಮುಗಿದರೆ 57 ಪೈಸೆ, ಉಳಿಸಿದ್ದೆಲ್ಲ ಹೋಗಿ ಮೇಲೆ 4 ಪೈಸೆ ಕೈಯಿಂದ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೂ ಈ ಇಡೀ ಜಗಳ ₹1,800ರ ಆಚೀಚೆಯದು. ಅಷ್ಟಕ್ಕಾಗಿ ಘಾಟಿಯಲ್ಲಿ ಜಾರುವ ಟೈರ್ ತೆಗೆದುಕೊಳ್ಳುವುದು ಮೂರ್ಖತನ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರ ಲೆಕ್ಕ ಬೇರೆ, ಅವರು ಇದನ್ನೇ ದೊಡ್ಡದಾಗಿ ಬರೆದು ನೋಡಬೇಕು.

ಒಂದು ಅಂಗಡಿಯಲ್ಲಿ 185/70 ಆರ್14 ಹಾಕಿಸಿಕೊಳ್ಳಿ, ರೋಡ್ ಗ್ರಿಪ್ ಚೆನ್ನಾಗಿರುತ್ತೆ ಅಂದರು. ವ್ಯಾಸ 615 ಮಿ.ಮೀ. ಹತ್ತಿರ, ಕೂರುತ್ತದೆ. ಆದರೆ 20 ಮಿ.ಮೀ. ಅಗಲ ಹೆಚ್ಚು ಅಂದರೆ ತೂಕವೂ ಹೆಚ್ಚು, ಎಳೆತವೂ ಹೆಚ್ಚು. ಪೆಟ್ರೋಲ್ ಉಳಿಸಲು ಹೊರಟವನು ಅಗಲ ಟೈರ್ ಹಾಕಿಸಬಾರದು. ನಿಂತ ನೀರಿಗೆ ಅಗಲ ಟೈರ್ ಬೇಗ ತೇಲುವುದು ಬೇರೆ. ಕಂಪನಿ ಸೈಜ್, 85ಟಿ (ಚಕ್ರಕ್ಕೆ 515 ಕೆ.ಜಿ., 190 ಕಿ.ಮೀ. ವೇಗ), ಸಿಲಿಕಾ ಬೆರೆಸಿದ ರಬ್ಬರಿನದು, ನಡುವೆ ಅಗಲವಾದ ಕಾಲುವೆ ಇರುವ ಪ್ಯಾಟರ್ನ್, ಐಎಸ್‌ಐ ಗುರುತು ನೋಡಿಕೊಂಡು ತೆಗೆದುಕೊಂಡೆ. ಒಂದಕ್ಕೆ ₹4,650.

ಮುಂದಿನ ಎರಡು ಮಾತ್ರ ಬದಲಾಯಿಸಿ ಅಂತಲೂ ಹೇಳಿದರು. ಹಿಂದಿನವು ಏಳು ವರ್ಷದವು, ಒಂದಕ್ಕೆ ಭುಜದಲ್ಲಿ ಪಂಕ್ಚರ್, ಆದ್ದರಿಂದ ನಾಲ್ಕೂ. ಎರಡೇ ಹಾಕಿಸುವವರು ಹೊಸದನ್ನು ಹಿಂದೆ ಹಾಕಿಸಿ, ಗಾಡಿ ಮುಂದಿನ ಚಕ್ರದಿಂದ ಓಡುವುದಾದರೂ ಸರಿ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ, ಅದನ್ನು ಸ್ಟಿಯರಿಂಗ್‌ನಲ್ಲಿ ಹಿಡಿಯುವುದು ನಮ್ಮಂಥವರಿಗೆ ಆಗುವುದಿಲ್ಲ.

ಅಕ್ಟೋಬರ್: ಹಾಕಿಸಿದ ದಿನ

ಟೈರ್ ಗೋಡೌನ್‌ನಿಂದ ಬಂದ ಕೂಡಲೇ ನಾಲ್ಕು ಅಂಕಿ ಓದಿದೆ. ಎರಡು 2025ರವು, ಎರಡು ಒಂದೂವರೆ ವರ್ಷ ಹಳೆಯವು. ಹಳೆಯವು ಕೆಟ್ಟಿವೆ ಅಂತಲ್ಲ, ಆದರೆ ಒಂದೇ ಬೆಲೆ ಕೊಟ್ಟು ಯಾಕೆ? ರಿಮ್‌ಗೆ ಏರಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಗೊಣಗಿಕೊಂಡೇ ಬದಲಾಯಿಸಿ ಕೊಟ್ಟರು, ಅರ್ಧ ದಿನ ಹೋಯಿತು.

ಹಳೆ ಟೈರ್ ಬಿಚ್ಚಿದ ಮೇಲೆ ರಿಮ್ಮಿನ ಅಂಚಿಗೆ ತಂತಿ ಬ್ರಷ್ ಹಾಕಿಸಿ. ಟ್ಯೂಬ್‌ಲೆಸ್ ಟೈರಿನ ಗಾಳಿ ನಿಲ್ಲುವುದು ಅಲ್ಲೇ, ತುಕ್ಕಿನ ಮೇಲೆ ಕೂರಿಸಿದರೆ ಸೋರುತ್ತದೆ. ವಾಲ್ವ್ ಹೊಸದು, ಒಂದಕ್ಕೆ ₹50, ಇದರಲ್ಲಿ ಚೌಕಾಸಿ ಬೇಡ. ಟೈರ್ ಮಗ್ಗುಲಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಇರುವ ಜಾಗ, ವಾಲ್ವ್ ಪಕ್ಕಕ್ಕೇ ಬರುವಂತೆ ಕೂರಿಸಿದರೆ, ಚಕ್ರ ಅದುರದೆ ತಿರುಗಲು ರಿಮ್ಮಿಗೆ ಹಚ್ಚುವ ಬ್ಯಾಲೆನ್ಸಿಂಗ್ ತೂಕ ಕಡಿಮೆ ಸಾಕು. ಮೊದಲ ಚಕ್ರಕ್ಕೆ ಹೇಗೋ ಕೂರಿಸಿದ್ದರು, 45 ಗ್ರಾಂ ಕೇಳಿತು. ಬಿಚ್ಚಿ ಚುಕ್ಕೆ ಸೇರಿಸಿದ ಮೇಲೆ 20.

ಹಿಂದಿನ ಎಡ ರಿಮ್ ಮೆಷಿನ್ ಮೇಲೆ ತಿರುಗುವಾಗ ಕಣ್ಣಿಗೇ ಕಾಣುವ ಹಾಗೆ ಓಲಾಡುತ್ತಿತ್ತು. ಯಾವುದೋ ಗುಂಡಿಯ ನೆನಪು. ಬಡಿದು ಸರಿಮಾಡಿಸಲು ₹300.

ನಟ್ಟನ್ನು ಗಾಳಿ ಗನ್‌ನಿಂದ ಗರ್ರೆಂದು ಬಿಗಿದು ಕಳಿಸುತ್ತಾರೆ. ಗಾಡಿಯಲ್ಲಿರುವ ಪಾನದಿಂದ ದಾರಿಯಲ್ಲಿ ಬಿಚ್ಚಲು ಬರುತ್ತದೆಯೇ ಅಂತ ಅಲ್ಲೇ ನೋಡಿ. ನನಗೆ ಎರಡು ನಟ್ ಅಲ್ಲಾಡಲಿಲ್ಲ. ಸಡಿಲ ಮಾಡಿಸಿ ಕೈಯಿಂದ ಅಡ್ಡಅಡ್ಡವಾಗಿ ಬಿಗಿದುಕೊಂಡೆ, 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿದೆ.

ಹಳೆಯ ಟೈರ್‌ಗಳಿಗೆ ಒಂದಕ್ಕೆ ₹250 ಕೊಡುತ್ತೇವೆ ಅಂದರು. ಅವು ಹೊಸದಾಗಿ ಕಾಲುವೆ ಕೊರೆಸಿಕೊಂಡು, ಕಪ್ಪು ಪಾಲಿಶ್ ಬಳಿದುಕೊಂಡು ಯಾರದೋ ಗಾಡಿಗೆ ಏರುತ್ತವೆ. ಮಗ್ಗುಲಿಗೆ ಬ್ಲೇಡ್ ಎಳೆದ ಮೇಲೆ ₹60 ಅಂದರು, ಅಷ್ಟಕ್ಕೇ ಕೊಟ್ಟೆ.

ಖರ್ಚು ಹೀಗೆ: ಟೈರ್ ₹18,600. ವಾಲ್ವ್ ₹200. ಏರಿಸುವುದು, ಬ್ಯಾಲೆನ್ಸಿಂಗ್ ₹800. ಟೈ ರಾಡ್ ಎಂಡ್ ಕೂಲಿ ಸೇರಿ ₹1,000. ಅಲೈನ್‌ಮೆಂಟ್ ದಂಡದ್ದೂ ಸೇರಿ ₹1,000. ರಿಮ್ ₹300. ಎರಡು ಗೇಜ್ ₹850. ಗುಜರಿಯಿಂದ ಬಂದದ್ದು ₹240. ಕೈಯಿಂದ ಹೋದದ್ದು ₹22,510.

ನವೆಂಬರಿನಿಂದ ಜನವರಿ 2026: ಬಂದದ್ದೇನು

ಟ್ರಿಪ್ ಮೀಟರ್ ನಂಬಿದರೆ: ಶುರುವಲ್ಲಿ 16.3. ಗಾಳಿ ಸರಿ ಮಾಡಿದ ಮೇಲೆ 16.7. ಟೈ ರಾಡ್, ಅಲೈನ್‌ಮೆಂಟ್ ಆದ ಮೇಲೆ 17.0. ಹೊಸ ಟೈರ್ ಹಾಕಿದ ಮೇಲೆ 16.9. ಇಷ್ಟು ದುಡ್ಡು ಹಾಕಿ ಮೈಲೇಜ್ ಇಳಿಯಿತು ಅಂತ ಬೇಜಾರಾಗುವುದು ಇಲ್ಲೇ.

ಅದೇ ಹೆದ್ದಾರಿಯಲ್ಲಿ ಮತ್ತೆ ಜಿಪಿಎಸ್ ಹಾಕಿದರೆ 50 ಕಿ.ಮೀ.ಗೆ ಟ್ರಿಪ್ ಮೀಟರ್ 50.2. ಈಗ ತಪ್ಪು 0.4% ಮಾತ್ರ. ತಿದ್ದಿ ಬರೆದರೆ ಹಳೆ ಟೈರಿನ 17.0 ನಿಜವಾಗಿ 16.7, ಹೊಸದರ 16.9 ನಿಜವಾಗಿ 16.8. ಅಂದರೆ ಇಳಿದಿಲ್ಲ, ಒಂದು ಚೂರು ಏರಿದೆ. ಹೊಸ ಟೈರಿನ ದಪ್ಪ ಹಲ್ಲು ಸುತ್ತು ಸುತ್ತಿಗೂ ಬಾಗಿ ಏಳುವುದರಲ್ಲೇ ಶಕ್ತಿ ತಿನ್ನುತ್ತದೆ. ಒಂದೇ ಟೈರ್ ಹೊಸದರಲ್ಲಿ ಭಾರ, ಸವೆಯುತ್ತ ಹಗುರ. ಸವೆದ ಟೈರ್ ಪೆಟ್ರೋಲ್ ತಿನ್ನುತ್ತದೆ ಅನ್ನುವ ಮಾತು ಉಲ್ಟಾ. ಸವೆದ ಟೈರ್ ಬದಲಾಯಿಸುವುದು ಬ್ರೇಕಿಗಾಗಿ.

ಒಂದಿಷ್ಟು ಸಾವಿರ ಕಿಲೋಮೀಟರ್ ಆದ ಮೇಲೆ ಜನವರಿಯಲ್ಲಿ ತಿದ್ದಿದ ಲೆಕ್ಕದಲ್ಲಿ 17.1 ಬಂತು. ಅದರಲ್ಲಿ ಟೈರಿನ ಪಾಲು ಎಷ್ಟು, ಎಸಿ ಹಾಕದೆ ಓಡಿಸಿದ ಚಳಿಗಾಲದ್ದೆಷ್ಟು ಬೇರ್ಪಡಿಸಲು ಆಗುವುದಿಲ್ಲ. ಟೈರಿನ ಹೆಸರಲ್ಲಿ ಪೂರ್ತಿ ಜಮಾ ಮಾಡುವುದು ಸುಳ್ಳು ಲೆಕ್ಕ.

ಒದ್ದೆ ರಸ್ತೆಯ ವಿಷಯದಲ್ಲಿ ಮಾತ್ರ ಲೆಕ್ಕವೇ ಬೇಡ. ಅಕ್ಟೋಬರ್ ಕೊನೆಯ ಮಳೆಯಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಮೊದಲಿನ ಹಾಗೆ ಎಬಿಎಸ್ (ಚಕ್ರ ಲಾಕ್ ಆಗದಂತೆ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ) ಕಾಲಿಗೆ ಗುದ್ದಲಿಲ್ಲ.

ಇನ್ನೂ ಬಾಕಿ

ಸ್ಟೆಪ್ನಿಯ ಹಲ್ಲು 7.2 ಇದ್ದರೂ ಹುಟ್ಟಿದ್ದು 2018ರಲ್ಲೇ. ಅದನ್ನು ರೊಟೇಶನ್‌ಗೆ ಸೇರಿಸಿಲ್ಲ. ಪಂಕ್ಚರ್ ಆದರೆ ನಿಧಾನವಾಗಿ ಅಂಗಡಿ ಮುಟ್ಟಲು ಮಾತ್ರ. 8,000 ಕಿ.ಮೀ. ಆದಾಗ ಮುಂದಿನ ಹಿಂದಿನ ಚಕ್ರ ಅದಲು ಬದಲು, ಮೊದಲ ಸೆಟ್‌ಗೆ ಅದನ್ನು ಮಾಡಿಸಿರಲಿಲ್ಲ.

ಹಿಂದಿನ ಎಡ ಚಕ್ರದಲ್ಲಿ ಹದಿನೈದು ದಿನಕ್ಕೆ 2 ಪಿಎಸ್‌ಐ ಇಳಿಯುತ್ತಿದೆ. ಸೋಪಿನ ನೀರು ಹಾಕಿದರೆ ವಾಲ್ವ್ ಹತ್ತಿರ ಏನೂ ಇಲ್ಲ. ಬಡಿದು ಸರಿಮಾಡಿದ ರಿಮ್ಮಿನ ಅಂಚಲ್ಲಿ, ಒಂದು ಬೆರಳಗಲದಷ್ಟು ಜಾಗದಲ್ಲಿ, ಸಣ್ಣ ಗುಳ್ಳೆಗಳು ಏಳುತ್ತಿವೆ. ಇನ್ನೊಮ್ಮೆ ಬಿಚ್ಚಿ ಬ್ರಷ್ ಹೊಡೆದು ಬೀಡ್ ಸೀಲರ್ (ಟೈರಿನ ಅಂಚು ರಿಮ್ಮಿಗೆ ಕೂರುವಲ್ಲಿ ಸೋರದಂತೆ ಬಳಿಯುವ ಅಂಟು) ಹಚ್ಚಿ ನೋಡುತ್ತೇನೆ. ನಿಲ್ಲದಿದ್ದರೆ ಬೇರೆ ಸ್ಟೀಲ್ ರಿಮ್ ಹಾಕಿಸುವುದೇ ದಾರಿ, ಆಗ ಆ ₹300 ಕೂಡ ದಂಡದ ಪಟ್ಟಿಗೆ.